ಯಾರಿಂದ ಸಿಕ್ಕಿದ ಹಾಡು?

ನವೆಂಬರ್ 12, ಮಂಗಳವಾರ

ಕ್ಷಮಿಸಬೇಕು. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಆದರೂ ಮೊದಲು ಕೇಳಿಬಿಡುತ್ತೇನೆ. ಇನ್ನು ಮೇಲೆ ಡೈರಿ ಬರೆಯುವುದಿಲ್ಲ ಎಂದು ಆಣೆ ಮಾಡಿದವಳು ನಾನು. ಹದಿಮೂರನೇ ವಯಸ್ಸಿನಲ್ಲಿ, ಹಾಸ್ಟೆಲಿನ ಊಟದ ಹಾಲಿನಲ್ಲಿ, ದೊಡ್ಡ ಹುಡುಗಿಯರು ಬೆಂಚು ಹತ್ತಿ ನಿಂತು ನನ್ನ ಡೈರಿಯನ್ನು ಗಟ್ಟಿಯಾಗಿ ಓದಿದ ದಿನ. ಅರ್ಧ ಕ್ರೊಯೇಷಿಯನ್, ಅರ್ಧ ಇಂಗ್ಲಿಷು. ಇಂಗ್ಲಿಷು ಬಂದಲ್ಲೆಲ್ಲ ಮೂಗಿನಲ್ಲಿ ಓದಿದರು. ಸೂಪು ಆರಿಹೋಗುವವರೆಗೂ ಓದಿದರು.

ಈಗ ಹದಿನೆಂಟು. ಹೊಟ್ಟೆ ಮತ್ತೆ ಕಿವುಚುತ್ತಿದೆ. ವಿದ್ಯಾರ್ಥಿಗಳ ಸಲಹಾ ಕೇಂದ್ರದ ಹೆಂಗಸು ನನ್ನ ಕಾಗದಪತ್ರವನ್ನೆಲ್ಲ ನೋಡಿ, "ಹೊಟ್ಟೇಲಿ ಏನೂ ಇಲ್ಲ ಕಣಮ್ಮ. ದಿನಾ ಹತ್ತು ನಿಮಿಷ ಏನಾದ್ರೂ ಬರಿ, ಯಾರಿಗೂ ತೋರಿಸ್ಬೇಡ" ಅಂದಳು. ಬರೆಯುತ್ತಿದ್ದೇನೆ. ತೋರಿಸುವುದಕ್ಕೆ ಈ ರಿಯೇಕಾ ಊರಿನಲ್ಲಿ ನನಗೆ ಯಾರಿದ್ದಾರೆ?

ಇವತ್ತು ಬಾಯ್ಲರ್ ಕೋಣೆಗೆ ಹೋಗಿ ಹೆಸರು ಕೊಟ್ಟೆ. ಹೊಳೆಯ ಪಕ್ಕದ ಹಳೇ ಕಾಗದದ ಕಾರ್ಖಾನೆಯ ಬಾಯ್ಲರ್ ಕೋಣೆ ಈಗ ನಮ್ಮ ಹಾಡಿನ ಅಡ್ಡೆ. ವರ್ಷದ ಕೊನೆಗೆ ಎರಡು ಶನಿವಾರ, ಸಂಜೆ ನಾಲ್ಕಕ್ಕೆ, ಯಾರು ಬೇಕಾದರೂ ಬಂದು ಆ ವರ್ಷ ತಮಗೆ ಸಿಕ್ಕಿದ ಐದು ಹಾಡು ಕೇಳಿಸಬಹುದು. ಬಸ್ಸಿನಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ ಮೂರು ಹೊತ್ತೂ ಕಿವಿಗೆ ಬೀಳುವ ಹಾಡಲ್ಲ. ಯಾವುದೋ ಊರಿನ ನಾಲ್ಕು ಜನ ಗ್ಯಾರೇಜಿನಲ್ಲಿ ಗಿಟಾರು ಕುಟ್ಟಿ, ತಾವೇ ರೆಕಾರ್ಡು ಮಾಡಿ, ಕಂಪನಿ ಗಿಂಪನಿ ಇಲ್ಲದೆ ಹೊರಗೆ ಬಿಟ್ಟ ಇಂಡಿ ರಾಕ್. ಹಾಡು ಹಾಕುವ ಮುಂಚೆ ಇಡೀ ಕೋಣೆ ಕೂಗುತ್ತದೆ: "ಯಾರಿಂದ?" ಅದನ್ನು ನಿನಗೆ ಕೊಟ್ಟವರ ಹೆಸರು ಹೇಳಲೇಬೇಕು. ಅಡ್ಡೆ ನಡೆಸುವ ನೆವಿಯೋ ಗೋಡೆಯ ಮೇಲೆ ಎರಡೂ ಹೆಸರು ಬರೆದು ನಡುವೆ ಒಂದು ಕಪ್ಪು ಗೆರೆ ಎಳೆಯುತ್ತಾನೆ. ಹತ್ತೊಂಬತ್ತು ವರ್ಷದ ಗೆರೆಗಳು ಸೂರಿನವರೆಗೂ ಹಬ್ಬಿವೆ. ಯಾರೂ ಕೊಡದೆ ತಾನೇ ಹುಡುಕಿಕೊಂಡ ಹಾಡಾದರೆ "ಯಾರಿಂದಲೂ ಇಲ್ಲ" ಅನ್ನಬೇಕು. ಆಗ ಹೆಸರಿನ ಸುತ್ತ ಕೆಂಪು ವೃತ್ತ. ಅಷ್ಟು ದೊಡ್ಡ ಗೋಡೆಯಲ್ಲಿ ಕೆಂಪು ಇಪ್ಪತ್ತೂ ಇಲ್ಲ. ಹೊಸಬರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಂಪು ಯಾರದೋ ಅವರಿಗೆ ಜನವರಿಯಿಂದ ವಿದ್ಯಾರ್ಥಿ ರೇಡಿಯೋದಲ್ಲಿ ಪ್ರತಿ ಗುರುವಾರ ಒಂದು ಗಂಟೆ.

ಆ ಗಂಟೆ ನನಗೆ ಬೇಕು. ಫೋನಿನಲ್ಲಿ ಪಿಜ್ಜಾ ತರಿಸುವುದಕ್ಕೂ ವಾಕ್ಯ ಬರೆದಿಟ್ಟುಕೊಳ್ಳುವವಳು ನಾನು. ಹಾಡಿನ ವಿಷಯ ಬಂದರೆ ಮಾತ್ರ ಬರೆದಿಟ್ಟುಕೊಳ್ಳಬೇಕಾಗಿಲ್ಲ, ನಾಲಿಗೆ ತಾನಾಗಿ ಓಡುತ್ತದೆ. ವಾರಕ್ಕೆ ಒಂದು ಗಂಟೆ ಹಾಗಿರಬೇಕು ಅಂತ ಆಸೆ.

ಹೆಸರು ಕೊಡುವಾಗ ಮಾದರಿಗೆ ಒಂದು ಹಾಡು ಕೊಡಬೇಕು. 'ಲಿಫ್ಟ್ ಕೆಟ್ಟಿದೆ' ಕೊಟ್ಟೆ. ಅದರಲ್ಲಿ ಒಬ್ಬ ಹುಡುಗಿ ಮಹಡಿಗಳನ್ನು ಒಂದೊಂದಾಗಿ ಎಣಿಸಿಕೊಂಡು ಹಾಡುತ್ತಾಳೆ. ಆರನೆಯದಕ್ಕೆ ಬರುವಾಗ ನಿಜವಾಗಿ ಏದುಸಿರು. ಮೆಟ್ಟಿಲು ಹತ್ತುತ್ತಲೇ ರೆಕಾರ್ಡು ಮಾಡಿದ್ದಾರೆ. ಚೀಟಿಯಲ್ಲಿ 'ಯಾರಿಂದ' ಎನ್ನುವ ಜಾಗದಲ್ಲಿ 'ಯಾರಿಂದಲೂ ಇಲ್ಲ' ಎಂದು ಬರೆದೆ. ನೆವಿಯೋ ಕನ್ನಡಕದ ಮೇಲಿಂದ ನೋಡಿದ. ಐವತ್ತು ದಾಟಿದವನು, ಹಿಂದೆ ಯಾವುದೋ ಬ್ಯಾಂಡಿನಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದನಂತೆ.

"ಖಂಡಿತಾನಾ ಪುಟ್ಟಿ?"

"ಖಂಡಿತ."

"ತಿಹಾನಾ ಗಾರ್ಸೈಡ್. ಇದ್ಯಾವ ಸೀಮೆ ಮನೆಹೆಸರು?"

"ಇಂಗ್ಲಿಷರದು. ನಾನೇನು ಕೇಳಿ ತಗೊಂಡಿದ್ದಲ್ಲ."

ನಕ್ಕ. ಗೋಡೆಯ ಮೇಲೆ ನನ್ನ ಹೆಸರು ಬರೆದು ಸುತ್ತ ಕೆಂಪು ಎಳೆದ. ಚೀಟಿಯ ಫೋಟೋ ತೆಗೆದು ಅಲ್ಲೇ ಅಡ್ಡೆಯ ಪೇಜಿಗೆ ಹಾಕಿದ.

ನವೆಂಬರ್ 15, ಶುಕ್ರವಾರ

ಹಲ್‌ನಿಂದ ಇವತ್ತು ಏನೂ ಬಂದಿಲ್ಲ. ಒಳ್ಳೆಯದೇ ಆಯಿತು.

ಹಲ್ ಅಂದರೆ ನನ್ನನ್ನು ಹುಟ್ಟಿಸಿದವನು ಇರುವ ಇಂಗ್ಲೆಂಡಿನ ಊರು. ನನಗೆ ಹನ್ನೊಂದಾಗಿದ್ದಾಗ ಅಲ್ಲಿಗೆ ವಾಪಸ್ ಹೋದ, ಅಮ್ಮ ಪ್ರವಾಸಿ ಹಡಗಿನ ಲಾಂಡ್ರಿ ಕೆಲಸಕ್ಕೆ ಸೇರಿದಳು, ನಾನು ಹಾಸ್ಟೆಲಿಗೆ. ಪ್ರತಿ ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಲ್ಲಿಂದ ಒಂದು ಹಾಡಿನ ಲಿಂಕು ಬರುತ್ತದೆ. ಬರೀ ಲಿಂಕು. ಹೇಗಿದ್ದೀಯ ಅಂತ ಇಲ್ಲ, ಕಾಲೇಜು ಹಿಡಿಸಿತಾ ಅಂತ ಇಲ್ಲ, ಹೆಸರೂ ಇಲ್ಲ. ಹೆತ್ತ ಮಗಳಿಗೆ ಒಂದು ಮಾತು ಬರೆಯಲಾರದ ಮನುಷ್ಯ! ನಾನು ಬಂದದ್ದನ್ನು ಬಂದ ಹಾಗೇ ಅಳಿಸಿಬಿಡುತ್ತೇನೆ.

ನವೆಂಬರ್ 17, ಭಾನುವಾರ

ಮೂರು ದಿನದಿಂದ ದಕ್ಷಿಣದ ಗಾಳಿ. ಗೋಡೆ ಬೆವರುತ್ತಿದೆ, ಟವೆಲು ಒಣಗುತ್ತಿಲ್ಲ, ಮೆಸ್ಸಿನಲ್ಲಿ ಅಡುಗೆಯವಳೂ ವಿದ್ಯಾರ್ಥಿಗಳೂ ಆಲೂಗಡ್ಡೆಗೆ ಜಗಳ. ಈ ಗಾಳಿ ಬೀಸುವಾಗ ಯಾರೂ ಮುಖ್ಯವಾದ ಮಾತಾಡಬಾರದು ಅಂತ ಅಮ್ಮ ಹೇಳುತ್ತಿದ್ದಳು. ಅವಳೇ ಫೋನು ಮಾಡಿದಳು, ಹಡಗು ಯಾವುದೋ ದ್ವೀಪದಲ್ಲಿ ನಿಂತಿತ್ತು.

"ಬಿಸಿ ಊಟ ಮಾಡ್ತಿದ್ದೀಯಾ? ನಿಮ್ಮಪ್ಪ ಏನಾದ್ರೂ ಬರೆದ್ನಾ?"

"ಒಂದು ಮಾತೂ ಇಲ್ಲ."

"ಹಂಗೆಲ್ಲ ಇರೋನಲ್ಲಪ್ಪ ಅವನು..." ಅನ್ನುವಷ್ಟರಲ್ಲಿ ಲೈನು ಹೋಯಿತು. ಅಮ್ಮ ಅವನ ಪರ ವಹಿಸುವುದಕ್ಕೆ ಶುರುಮಾಡಿದಾಗೆಲ್ಲ ಲೈನು ಹೋಗಲಿ.

ಐದು ಹಾಡಿನ ಪಟ್ಟಿ ಇವತ್ತು ಮುಗಿಯಿತು. ಯಾವುದು ಮೊದಲು, ಯಾವುದು ಕಡೆಗೆ ಅಂತ ತಿಳಿಯದೆ ಲೊರೆನಾಗೆ ಕೇಳಿಸಿದೆ. ನನ್ನ ಕೋಣೆಯವಳು, ಸ್ಲಾವೋನಿಯಾದ ಬಯಲಿನವಳು. ಬಾಗಿಲು ಒದ್ದೇ ತೆಗೆಯುತ್ತಾಳೆ, ಕಿಟಕಿಗೆ ಅವರಪ್ಪ ಕಳಿಸಿದ ಖಾರದ ಸಾಸೇಜು ನೇತುಹಾಕಿದ್ದಾಳೆ. ಕೂದಲು ಒಣಗಿಸುವಾಗೆಲ್ಲ ಅವರೂರಿನ ಮೂವರು ಅಣ್ಣತಮ್ಮಂದಿರ ಬ್ಯಾಂಡಿನ ಒಂದು ಹಾಡು. ಧಾನ್ಯದ ಕಣಜದೊಳಗೆ ನಿಂತು ಹಾಡಿದ್ದಂತೆ, ಹಾಗೇ ಕೇಳಿಸುತ್ತದೆ. ಅವಳ ಹತ್ತಿರ ಇರುವುದು ಅದೊಂದೇ ಹಾಡು. ನನ್ನ ಐದನ್ನೂ ಕಣ್ಣು ಮುಚ್ಚಿ ಕೇಳಿದಳು.

"ಲೇ ರಾಣಿಯಮ್ಮ, ಇವೆಲ್ಲ ಎಲ್ಲಿ ಸಿಗ್ತಾವೆ ನಿಂಗೆ? ನಿಂದು ಕಿವಿಯಲ್ಲ ಕಣೇ, ಮೀನಿನ ಬಲೆ."

ಖುಷಿಯಾಯಿತು. ಬರೆದಿಡುತ್ತೇನೆ, ಸುಳ್ಳೇಕೆ. ಪಟ್ಟಿ ಅವಳಿಗೂ ಕಳಿಸಿದೆ.

ನವೆಂಬರ್ 22, ಶುಕ್ರವಾರ

ಇವತ್ತೂ ಇಲ್ಲ. ಫೋನು ನೋಡಿದ್ದು ಗಂಟೆ ಎಷ್ಟಾಯಿತು ಅಂತ.

ನವೆಂಬರ್ 29, ಶುಕ್ರವಾರ

ಇಲ್ಲ. ಹತ್ತು ತಿಂಗಳಿಗೇ ಬೇಜಾರಾಗಿಹೋಯಿತು ಅನ್ನಿಸುತ್ತದೆ. ಏನು ಶುರುಮಾಡಿದರೂ ಅರ್ಧಕ್ಕೆ ಬಿಡುವವರ ಜಾತಿ.

ಸೋಮವಾರ ಗಣಿತದ ಪರೀಕ್ಷೆ. ಒಂದು ಅಕ್ಷರ ತಲೆಗೆ ಹೋಗುತ್ತಿಲ್ಲ.

ನವೆಂಬರ್ 30, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಒಂದನ್ನೂ ಬಿಡದೆ ಬರೆಯುತ್ತೇನೆ.

ಮೊದಲ ಶನಿವಾರ. ಚೀಟಿ ಎತ್ತಿದಾಗ ನನ್ನ ಸರದಿ ಮುಂದಿನ ವಾರಕ್ಕೆ ಬಿತ್ತು, ಲೊರೆನಾಳದು ಇವತ್ತಿಗೆ. ಅವಳೂ ಹೆಸರು ಕೊಟ್ಟಿದ್ದಾಳೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಅವಳಿಗೆ ಮುಂಚೆ ಕಡ್ಡಿಯಂಥ ಒಬ್ಬ ಹುಡುಗಿ ಇದ್ದಳು. "ಯಾರಿಂದ?" ಅಂತ ಕೋಣೆ ಕೂಗಿತು. "ರೂಂಮೇಟಿಂದ" ಅಂದಳು. ಎರಡನೇ ಹಾಡು? ರೂಂಮೇಟಿಂದ. ಮೂರನೆಯದು? ಹಿಂದಿನಿಂದ ಯಾವನೋ, "ತಾಯಿ, ನೀನು ಕೂತ್ಕೋ, ರೂಂಮೇಟ್‌ನ ಕಳಿಸು!" ಅಂದ. ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ.

ಆಮೇಲೆ ಲೊರೆನಾ ಹತ್ತಿದಳು. ಮುಖ ಬೀಟ್‌ರೂಟು.

"ಯಾರಿಂದ?"

ಒಂದು ಕ್ಷಣ ನನ್ನ ಕಡೆ ನೋಡಿದಳು. "ಯಾರಿಂದಲೂ ಇಲ್ಲ."

ಹಾಡು ಶುರುವಾಯಿತು. 'ಮಂಗಳವಾರದ ಉಪ್ಪು.' ನನ್ನ ಹಾಡು! ಎರಡನೇ ನಿಮಿಷದಲ್ಲಿ ಡ್ರಮ್ಮಿನವನ ಕೋಲು ಕೈಜಾರಿ ನೆಲಕ್ಕೆ ಬೀಳುತ್ತದೆ, ಅವರು ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ. ಆ ಕೋಲು ಬಿದ್ದ ಸದ್ದಿಗೆ ಇಡೀ ಕೋಣೆ ಹೋ ಅಂದಿತು. ನಾನು ಹೇಳಬೇಕಾಗಿದ್ದ ಮಾತು, ಕೋಲಿನ ವಿಷಯ, ಅವಳು ಹೇಳಿದಳು. ಆಮೇಲೆ 'ಅತ್ತೆಯ ಕೋಟು', ಬಟ್ಟೆ ಒಗೆಯುವ ಮಿಷನ್ನಿನ ಗರಗರವನ್ನೇ ಬೇಸ್ ಮಾಡಿಕೊಂಡದ್ದು. ಆಮೇಲೆ 'ಮೂರು ಕೀಲಿಕೈ'. ಆಮೇಲೆ, ದೇವರೇ, 'ಬಾಗಿಲ ಹೊರಗೆ'. ಅದರಲ್ಲಿ ನಾಲ್ಕು ನಿಮಿಷ ಬರೀ ಗಿಟಾರು, ಕಡೆಯ ಇಪ್ಪತ್ತು ಸೆಕೆಂಡಿನಲ್ಲಿ ಮಾತ್ರ ಒಬ್ಬ ಗಂಡಸು ಬಾಯಿ ತೆರೆಯುತ್ತಾನೆ. ಕೋಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನದು, ನನ್ನದು, ನನ್ನದು. ಐದನೆಯದು ಆ ಕಣಜದ ಹಾಡು; ಅದನ್ನು ಯಾರೂ ಗಮನಿಸಲಿಲ್ಲ. ನೆವಿಯೋ ಅವಳ ಹೆಸರಿನ ಸುತ್ತ ಕೆಂಪು ಬಳಿದ.

ನಾನು ಏನು ಮಾಡಿದೆ? ಕೂಗಿದೆನೇ? ಬೆಂಚು ಹತ್ತಿ, ಇವಳು ಕಳ್ಳಿ ಅಂದೆನೇ? ಇಲ್ಲ. ಕೋಟು ಬಿಟ್ಟು ಹೊರಗೆ ಬಂದೆ. ಹಾಸ್ಟೆಲಿರುವ ಟ್ರ್ಸಾಟ್ ಗುಡ್ಡದ ಅಷ್ಟೂ ಮೆಟ್ಟಿಲನ್ನು ಕೋಟಿಲ್ಲದೆ ಹತ್ತಿದೆ. ಒಬ್ಬರು ಕೊಟ್ಟದ್ದನ್ನು ತಗೊಂಡು, ಕೊಟ್ಟವರ ಹೆಸರು ನುಂಗಿ, ನಾನೇ ಹುಡುಕಿದೆ ಅನ್ನುವುದಕ್ಕಿಂತ ಹೊಲಸು ಕೆಲಸ ಈ ಲೋಕದಲ್ಲಿ ಇದೆಯೇ? ನಾಚಿಕೆಗೆಟ್ಟವಳು.

ಡಿಸೆಂಬರ್ 1, ಭಾನುವಾರ

ಜಗಳ. ಕೋಟು ತಂದು ನನ್ನ ಹಾಸಿಗೆಯ ಮೇಲೆ ಹಾಕಿದಳು, ಅಲ್ಲಿಂದ ಶುರು.

"ನಿನ್ನ ಹೆಸರೇ ಹೇಳೋಣ ಅಂತಿದ್ದೆ ಕಣೇ. ಆ ಹುಡುಗೀನ ಹೆಂಗೆ ಆಡ್ಕೊಂಡ್ರು ನೋಡಿದ್ಯಲ್ಲ? ಎಲ್ಲಾ ಒಟ್ಟಿಗೆ ಕಿರುಚಿದ್ರು, ಬಾಯಿಗೆ ಅದೇ ಬಂತು."

"ನಾಲ್ಕು ಸಲ ಬಂತಾ?"

"ಮೊದಲ ಸಲ ಬಂದ್ಮೇಲೆ ವಾಪಸ್ ತಗೊಳ್ಳೋದು ಹೆಂಗೆ? ಐದು ಹಾಡು ತನ್ನಿ ಅಂದ್ರು. ನಮ್ಮೂರಲ್ಲಿ ಜೋಳ ಇದೆ, ಹಂದಿ ಇದೆ, ಬ್ಯಾಂಡ್ ಒಂದೇ ಇದೆ."

"ನಿನ್ನ ಒಂದನ್ನೇ ಹಾಕಿ ಇಳೀಬೇಕಿತ್ತು. ಕಳ್ಳಿ."

ಆಗ ಅವಳಿಗೂ ಏರಿತು. "ಓಹೋ! ಹಾಡು ಅಂದ್ರೆ ಏನು, ನಿಮ್ಮಪ್ಪನ ಆಸ್ತಿನಾ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಹತ್ತು ಉತ್ತರ ಹೊಳೆದವು. ವಾಪಸ್ ಬರುವಷ್ಟರಲ್ಲಿ ಅವಳು ಲೈಬ್ರರಿಗೆ ಹೋಗಿದ್ದಳು.

ಡಿಸೆಂಬರ್ 2, ಸೋಮವಾರ

ಗಣಿತ: ಆರು ಲೆಕ್ಕದಲ್ಲಿ ಎರಡು. ಅದೂ ಲೊರೆನಾಳ ಲೆಕ್ಕಕ್ಕೆ ಸೇರಿಸಿದ್ದೇನೆ.

ಡಿಸೆಂಬರ್ 3, ಮಂಗಳವಾರ

ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ನೆವಿಯೋನ ಹತ್ತಿರ ಹೋದೆ. ಏಣಿ ಹತ್ತಿ ಗೋಡೆಯ ತೇವ ಒರೆಸುತ್ತಿದ್ದ. ಕಾಗದ ಓದಿದೆ. ಕೆಳಗೆ ಇಳಿಯದೆ ಕೇಳಿಸಿಕೊಂಡ.

"ಶನಿವಾರ ಆಕ್ಷೇಪ ಎತ್ತು. ಇಲ್ಲಿಯ ಪದ್ಧತಿ ಇದೆ. ಅವಳಿಗಿಂತ ಮುಂಚೆ ಆ ಹಾಡು ನಿನ್ನ ಹತ್ತಿರ ಇತ್ತು ಅನ್ನೋದಕ್ಕೆ ತಾರೀಕು ಇರೋ ಏನಾದ್ರೂ ತೋರಿಸು, ಸಾಕು. ಅವಳು ಅಕ್ಟೋಬರಿಂದ ಕೇಳ್ತಿದ್ದೀನಿ ಅಂದಿದ್ದಾಳೆ."

ಅಕ್ಟೋಬರಿಂದ! ಎಂಥ ಗಟ್ಟಿಗಿತ್ತಿ. ನಾನು ಪಟ್ಟಿ ಮಾಡಿದ್ದು ನವೆಂಬರ್ ಹದಿನೇಳಕ್ಕೆ. ಅದಕ್ಕೆ ಮುಂಚೆ ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲಿಯೂ ಉಳಿಸಿಟ್ಟಿಲ್ಲ. ಬಂದ ಲಿಂಕು ಒತ್ತುವುದು, ಕೇಳುವುದು, ಅಷ್ಟೇ.

ಹೊರಡುವಾಗ ನೆವಿಯೋ ಏಣಿಯ ಮೇಲಿಂದಲೇ ಅಂದ: "ಅಂದಹಾಗೆ ಪುಟ್ಟಿ, ಕಾಲಿನ್ ಅಂದ್ರೆ ನಿಮ್ಮ ಕಡೆಯವರಾ? ನಿನ್ನ ಚೀಟಿ ಹಾಕಿದ ದಿನ ಪೇಜಿನಲ್ಲಿ ಹೆಬ್ಬೆಟ್ಟಿನ ಲೈಕು ಒತ್ತಿದ್ರು. ನಿನ್ನದೇ ಮನೆಹೆಸರು. ಇಲ್ಲಿಯವರೇ ಯಾರೂ ನೋಡದ ಪೇಜು, ಇಂಗ್ಲೆಂಡಿಂದ ಯಾರಪ್ಪಾ ಅಂದ್ಕೊಂಡೆ."

"ಗೊತ್ತಿಲ್ಲ. ಅಲ್ಲಿ ಬೇಕಾದಷ್ಟು ಜನ ಗಾರ್ಸೈಡ್ ಇದ್ದಾರೆ" ಅಂದೆ.

ಇವನಿಗೇನು ಬೇಕು ನನ್ನ ಮನೆಹೆಸರು? ತನ್ನ ಗೋಡೆ ತಾನು ಒರೆಸಿಕೊಂಡಿರಬಾರದೇ? ಹತ್ತೊಂಬತ್ತು ವರ್ಷದಿಂದ ಬೇರೆಯವರ ಗೆರೆ ಎಳೆದುಕೊಂಡು ಕೂತಿದ್ದಾನೆ, ಮುದುಕ.

ಡಿಸೆಂಬರ್ 4, ಬುಧವಾರ

ಅಳಿಸಿಬಿಡುತ್ತೇನೆ ಎಂದು ಹಿಂದೆ ಬರೆದೆನಲ್ಲ, ಸುಳ್ಳು. ಫೋನಿನಲ್ಲಿ ಕಣ್ಣಿಗೆ ಬೀಳದ ಒಂದು ಮೂಲೆ ಇದೆ, ಅಲ್ಲಿಗೆ ತಳ್ಳಿದ್ದೆ.

ಊಟಕ್ಕೆ ಎಲ್ಲರೂ ಹೋದ ಮೇಲೆ ಅದನ್ನು ತೆರೆದೆ. ತಾರೀಕಿಗೋಸ್ಕರ. ನಲವತ್ಮೂರು ಹಾಡು, ನಲವತ್ಮೂರು ಶುಕ್ರವಾರ, ಒಂದೂ ತಪ್ಪಿಲ್ಲ. 'ಮಂಗಳವಾರದ ಉಪ್ಪು' ಮಾರ್ಚ್ ಹದಿನೈದು. 'ಅತ್ತೆಯ ಕೋಟು' ಮೇ ಮೂವತ್ತೊಂದು. 'ಲಿಫ್ಟ್ ಕೆಟ್ಟಿದೆ' ಜುಲೈ ಹನ್ನೆರಡು. 'ಮೂರು ಕೀಲಿಕೈ' ಆಗಸ್ಟಿನಲ್ಲಿ. 'ಬಾಗಿಲ ಹೊರಗೆ' ಎಲ್ಲಕ್ಕಿಂತ ಕಡೆಯದು, ನವೆಂಬರ್ ಎಂಟು; ಆ ಹಾಡು ಹೊರಬಂದದ್ದೇ ಆ ವಾರ, ಅವಳ ಅಕ್ಟೋಬರ್ ಅಲ್ಲೇ ಸುಳ್ಳು. ಐದಕ್ಕೆ ಐದೂ ಇಲ್ಲಿವೆ. ಲೊರೆನಾಳನ್ನು ನೆಲಕ್ಕೆ ಕೆಡವುವುದಕ್ಕೆ ಇಷ್ಟು ಸಾಕು.

ಆದರೆ ಇದನ್ನು ತೋರಿಸಿದರೆ ನನ್ನ ಕೆಂಪೂ ಹೋಗುತ್ತದೆ. ರೇಡಿಯೋ ಗಂಟೆಯೂ ಹೋಗುತ್ತದೆ. ತೋರಿಸದಿದ್ದರೆ ಅವಳು ಜನವರಿಯಿಂದ ನನ್ನ ಹಾಡುಗಳ ಮೇಲೆ ಕೂತು ಮಾತಾಡುತ್ತಾಳೆ. ಯಾವ ಕಡೆ ತಿರುಗಿದರೂ ನನಗೇ ಏಟು. ಅಲ್ಲಿದ್ದುಕೊಂಡು, ಸುಮ್ಮನಿದ್ದುಕೊಂಡೂ ನನ್ನ ಕೆಲಸ ಕೆಡಿಸುವುದು ಹೇಗೆ ಅಂತ ಆ ಮನುಷ್ಯನಿಂದ ಕಲಿಯಬೇಕು.

ಮೇಲಕ್ಕೆ ಹೋದೆ, ಎಲ್ಲಕ್ಕಿಂತ ಮೇಲಕ್ಕೆ. ಅಲ್ಲಿ ಜನವರಿ ಹದಿನಾಲ್ಕು. ಹಿಂದಿನ ದಿನ ನನ್ನ ಹದಿನೆಂಟನೇ ಹುಟ್ಟುಹಬ್ಬ. ಬರುತ್ತೇನೆ ಅಂದಿದ್ದ. ಹಾಸ್ಟೆಲಿಂದ ರಜೆ ಬರೆಸಿಕೊಂಡು ಬಂದು, ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಕಾದಿದ್ದೆ. ಕೆಲಸದಲ್ಲಿ ಬಿಡಲಿಲ್ಲ, ಮುಂದಿನ ತಿಂಗಳು ಖಂಡಿತ, ತಪ್ಪಾಯಿತು, ಅಂತ ಉದ್ದಕ್ಕೆ ಬರೆದಿದ್ದಾನೆ. ಅದರ ಕೆಳಗೆ ನಾನು ಬರೆದದ್ದು:

"ಇನ್ನು ನನಗೆ ಒಂದು ಮಾತೂ ಬರೆಯಬೇಡ. ಒಂದೇ ಒಂದು ಮಾತು ಬಂದರೂ ನಂಬರು ಬದಲಾಯಿಸುತ್ತೇನೆ."

ಅದರ ಕೆಳಗೆ ಶುಕ್ರವಾರ ಮೊದಲನೇ ಹಾಡು. ಮಾತಿಲ್ಲ. ಆಮೇಲೆ ನಲವತ್ತೆರಡು ಹಾಡು, ಮಾತಿಲ್ಲ.

ಹೇಳಿದ್ದನ್ನು ಹೇಳಿದ ಹಾಗೇ ಕೇಳುವ ಮನುಷ್ಯನಿಗೆ ಏನನ್ನಬೇಕು? ಬೇರೆ ಯಾರಾದರೂ ಆಗಿದ್ದರೆ ಎರಡನೇ ವಾರವೇ 'ಇನ್ನೂ ಸಿಟ್ಟಾ' ಅಂತ ಬರೆದಿರುತ್ತಿದ್ದರು. ಇವನಿಗೆ ಅಷ್ಟೂ ಧೈರ್ಯ ಬೇಡವೇ?

ಪೇಜು ನೋಡಿದೆ. ಹೆಬ್ಬೆಟ್ಟು ಇದೆ. ನನ್ನ ಚೀಟಿ, ನನ್ನ ಕೈಬರಹ, 'ಯಾರಿಂದಲೂ ಇಲ್ಲ', ಅದರ ಕೆಳಗೆ ಅವನದು ಒಂದೇ ಒಂದು ಹೆಬ್ಬೆಟ್ಟು. ನವೆಂಬರ್ ಹನ್ನೆರಡು, ಸಂಜೆ. ಹದಿನೈದರಿಂದ ಹಾಡು ಬಂದಿಲ್ಲ.

ಕೂಗಾಡಬಾರದಿತ್ತೇ. 'ಅದು ನಾನು ಕೊಟ್ಟದ್ದು' ಅಂತ ಅಲ್ಲೇ ಎಲ್ಲರ ಎದುರು ಬರೆಯಬಾರದಿತ್ತೇ. ಹೆಬ್ಬೆಟ್ಟು ಒತ್ತಿದ್ದಾನೆ!

ಹತ್ತು ನಿಮಿಷ ಯಾವಾಗಲೋ ಆಯಿತು.

ಡಿಸೆಂಬರ್ 6, ಶುಕ್ರವಾರ

ಸಂತ ನಿಕೋಲನ ದಿನ. ಸಂತ ರಾತ್ರಿ ಬಂದು ಉಡುಗೊರೆ ತುಂಬಲಿ ಅಂತ ಕಾರಿಡಾರಿನ ಕಿಟಕಿಗೆಲ್ಲ ಬೂಟು ಇಟ್ಟಿದ್ದಾರೆ, ಮಕ್ಕಳ ಹಾಗೆ. ನಾನು ಇಟ್ಟಿರಲಿಲ್ಲ. ಬೆಳಿಗ್ಗೆ ನೋಡಿದರೆ ನನ್ನ ಬೂಟನ್ನು ಯಾರೋ ಕಿಟಕಿಗೆ ಇಟ್ಟು ಎರಡು ಮ್ಯಾಂಡರಿನ್ ಕಿತ್ತಳೆ, ಒಂದು ತುಂಡು ಖಾರದ ಸಾಸೇಜು ತುಂಬಿದ್ದಾರೆ. ಈ ಹಾಸ್ಟೆಲಿನಲ್ಲಿ ಬೂಟಿಗೆ ಸಾಸೇಜು ಹಾಕುವವಳು ಒಬ್ಬಳೇ.

"ಇದರಿಂದ ಏನೂ ಸರಿಹೋಗಲ್ಲ" ಅಂದೆ.

"ಸರಿಹೋಗ್ಲಿ ಅಂತ ಯಾರಂದ್ರು? ತಿನ್ನು ಅಂತ ಇಟ್ಟಿದ್ದು. ಅಕ್ಟೋಬರ್ ಅಂತ ನೆವಿಯೋಗೆ ಸುಳ್ಳು ಹೇಳಿಬಿಟ್ಟಿದ್ದೀನಿ ಕಣೇ. ಒಂದು ಹೇಳಿದ್ಮೇಲೆ ಇನ್ನೊಂದು ಹೇಳ್ಬೇಕಾಗುತ್ತೆ. ನಾಳೆ ನೀನು ಏನಾದ್ರೂ ಹೇಳು, ನಾನು ಎದುರು ಮಾತಾಡಲ್ಲ."

ಕಿತ್ತಳೆ ತಿಂದೆ. ಸಾಸೇಜು ತಿನ್ನಲಿಲ್ಲ, ಸಂಜೆಯವರೆಗೆ.

ಹಲ್: ಇಲ್ಲ. ಆರು ಗಂಟೆಗೇ ಎದ್ದು ಕೂತಿದ್ದೆ. ಆರೂ ಇಪ್ಪತ್ತಕ್ಕೆ ಅವನು ಓಡಿಸುವ ಬ್ರೆಡ್ಡಿನ ವ್ಯಾನು ಎರಡನೇ ಅಂಗಡಿ ಮುಂದೆ ನಿಂತಿರುತ್ತದೆ. ಅಲ್ಲಿ ಐದೂ ಇಪ್ಪತ್ತು. ರೇಡಿಯೋದಲ್ಲಿ ಅವರೂರಿನ ಹುಡುಗರ ಹಾಡು ಹಾಕುವುದು ಆ ಹೊತ್ತಿಗೇ. ಚಿಕ್ಕವಳಿದ್ದಾಗ ರಜೆಗೆ ಹೋದರೆ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದ, ಬ್ರೆಡ್ಡಿನ ಬಿಸಿಗೆ ಕಿಟಕಿಯೆಲ್ಲ ಮಂಜು. ಇದನ್ನು ಯಾಕೆ ಬರೆದೆನೋ.

ಡಿಸೆಂಬರ್ 7, ಶನಿವಾರ

ಆಕ್ಷೇಪ ಎತ್ತಿದೆ.

ಹೇಳಬೇಕಾದ್ದನ್ನೆಲ್ಲ ಅಂಗೈಯಲ್ಲಿ ಬರೆದುಕೊಂಡು ಹೋಗಿದ್ದೆ. ಮರದ ಕ್ರೇಟು ಹತ್ತುವಷ್ಟರಲ್ಲಿ ಬೆವರಿಗೆ ಅಳಿಸಿ ನೀಲಿ ಮಸಿ ಆಗಿತ್ತು. "ಲೊರೆನಾ ಹಾಕಿದ ನಾಲ್ಕು ಹಾಡು ನಾನು ಕೊಟ್ಟದ್ದು" ಅಂದೆ. ಗುಜುಗುಜು. ಲ್ಯಾಪ್‌ಟಾಪಿನ ಹಿಂದೆ ಕೂತಿದ್ದ ಕುರುಚಲು ಗಡ್ಡದವನೊಬ್ಬ, "ನಿಂಗೆ ಮುಂಚೆ ಗೊತ್ತಿತ್ತು ಅನ್ನೋದಕ್ಕೆ ಏನಿದೆ?" ಅಂದ. ಫೋನನ್ನು ನೆವಿಯೋನ ಕೈಗೆ ಕೊಟ್ಟೆ. ಅವನು ಒಂದೊಂದೇ ತಾರೀಕು ಗಟ್ಟಿಯಾಗಿ ಓದಿದ. ಮಾರ್ಚ್. ಮೇ. ಆಗಸ್ಟ್. ನವೆಂಬರ್. ಹದಿಮೂರನೇ ವಯಸ್ಸಿನ ಆ ಊಟದ ಹಾಲು: ಬೆಂಚಿನ ಮೇಲೆ ನಿಂತು ಓದುವವರು, ಕೆಳಗೆ ನಿಂತ ನಾನು. ಸೂಪಿನ ವಾಸನೆ ಬಂದ ಹಾಗಾಯಿತು. ಆದರೆ ಅವನು ಮೂಗಿನಲ್ಲಿ ಓದಲಿಲ್ಲ. ಮೊದಲನೆಯ ಎರಡು ಸಂದೇಶ ನೋಡಿದ, ನನ್ನನ್ನು ನೋಡಿದ, ಅವನ್ನು ಓದದೆ ಬಿಟ್ಟ.

ಆಮೇಲೆ ಕೋಣೆ ಕೂಗಿತು. ಪದ್ಧತಿ, ಕೂಗಲೇಬೇಕು.

"ಯಾರಿಂದ?"

"ನಮ್ಮಪ್ಪನಿಂದ."

"ಮತ್ತೆ ಆ ಚೀಟೀಲಿ ಯಾರಿಂದಲೂ ಇಲ್ಲ ಅಂತ ಬರೆದಿದ್ಯಲ್ಲ?" ಗಡ್ಡದವನೇ.

"ಅದು ಸುಳ್ಳು. ಅದೂ ಅವನೇ. ಐದೂ ಅವನೇ."

ನೆವಿಯೋ ಒದ್ದೆ ಬಟ್ಟೆ ತಗೊಂಡ. ಲೊರೆನಾಳ ಸುತ್ತ ಇದ್ದ ಕೆಂಪು ಒರೆಸಿದ. ಪಕ್ಕಕ್ಕೆ ಸರಿದು ನನ್ನದೂ ಒರೆಸಿದ. "ಪೂರ್ತಿ ಹೆಸರು?"

"ಕಾಲಿನ್ ಗಾರ್ಸೈಡ್. ಹಲ್."

"ಬ್ಯಾಂಡಿನವರಾ?"

"ಅಲ್ಲ, ಬ್ರೆಡ್ಡಿನ ವ್ಯಾನು ಓಡಿಸ್ತಾನೆ."

ಎಲ್ಲೋ ಒಬ್ಬ ಕಿಸಕ್ಕೆಂದ. ನಾನು ಬಾಯಿ ತೆರೆಯುವ ಮುಂಚೆ ಹಿಂದಿನ ಸಾಲಿನಿಂದ ಲೊರೆನಾಳ ಗಂಟಲು: "ನಗೋಕೇನಿದೆಯೋ ಅದರಲ್ಲಿ? ನಿಮ್ಮಪ್ಪ ಏನು ಕಳಿಸ್ತಾನೆ ನಿಂಗೆ, ಒಗೆದ ಚಡ್ಡಿನಾ?" ಆಗ ಎಲ್ಲರೂ ನಕ್ಕರು, ಬೇರೆ ಥರ.

ಅವನಿಂದ ನನಗೆ ಐದು ಕಪ್ಪು ಗೆರೆ, ನನ್ನಿಂದ ಅವಳಿಗೆ ನಾಲ್ಕು. ಒಬ್ಬರಿಂದ ಒಂದೇ ವರ್ಷ ಐದು ಗೆರೆ ಈ ಗೋಡೆಯಲ್ಲಿ ಇದೇ ಮೊದಲು ಅಂದ ನೆವಿಯೋ. ರೇಡಿಯೋ ಗಂಟೆ ಕ್ರ್ಕ್ ದ್ವೀಪದ ಒಬ್ಬ ಹುಡುಗನಿಗೆ ಹೋಯಿತು. ಅವನ ಹಾಡು ಚೆನ್ನಾಗಿತ್ತು, ಹಾಳಾಗಿಹೋಗಲಿ.

ಮೆಟ್ಟಿಲು ಹತ್ತುವಾಗ ಲೊರೆನಾ ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ. ಅರ್ಧ ದಾರಿಯಲ್ಲಿ, "ರಾಣಿಯಮ್ಮ, ನೀನು ಗುನುಗ್ತಿರೋದು ನಮ್ಮ ಕಣಜದ ಹಾಡು" ಅಂದಳು. ಗುನುಗುತ್ತಿರಲಿಲ್ಲ. ಗುನುಗುತ್ತಿದ್ದರೂ ಅದು ಏದುಸಿರಿಗೆ.

ಡಿಸೆಂಬರ್ 8, ಭಾನುವಾರ

ಗಾಳಿ ತಿರುಗಿದೆ. ಇವತ್ತು ಉತ್ತರದ್ದು, ಕಿಟಕಿ ಕಿತ್ತುಕೊಂಡು ಹೋಗುವಂಥದ್ದು. ಟವೆಲು ಒಂದು ಗಂಟೆಯಲ್ಲಿ ಒಣಗಿತು.

ಕಳಿಸುವ ಮುಂಚೆ ಇಲ್ಲಿ ಬರೆದುಕೊಳ್ಳುತ್ತೇನೆ. ಅಲ್ಲಿಗೆ ಇಂಗ್ಲಿಷಿನಲ್ಲಿ ಹೋಗಬೇಕು, ಅದರಲ್ಲಿ ನನಗೆ ಬೈಯುವುದಕ್ಕೆ ಸರಿಯಾಗಿ ಬರುವುದಿಲ್ಲ.

ಅಪ್ಪ,

ನನ್ನ ಸಿಟ್ಟು ಇಳಿದಿಲ್ಲ, ಮೊದಲೇ ಹೇಳುತ್ತೇನೆ. ಮೂರು ಬಸ್ಸು ಕಾದಿದ್ದೆ. ಮೂರನೆಯದರಿಂದ ಇಳಿದ ಒಬ್ಬರು ದೂರದಿಂದ ನಿನ್ನ ಹಾಗೇ ಕಂಡರು, ಕೈ ಬೀಸಿಬಿಟ್ಟೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಒಂದು ಮಾತೂ ಬರೆಯಬೇಡ ಎಂದವಳು ನಾನೇ. ನೀನು ಅಷ್ಟು ಸರಿಯಾಗಿ ಕೇಳುತ್ತೀಯ ಎಂದು ನನಗೇನು ಗೊತ್ತಿತ್ತು? ನಲವತ್ಮೂರೂ ಕೇಳಿದ್ದೇನೆ. ಒಂದೂ ಅಳಿಸಿಲ್ಲ. ಹತ್ತೊಂಬತ್ತನೆಯದು ಸ್ವಲ್ಪವೂ ಚೆನ್ನಾಗಿಲ್ಲ, ನಿನಗೆ ಆವತ್ತು ಕಿವಿ ಕೆಟ್ಟಿತ್ತೋ ಏನೋ.

ಚೀಟಿಯಲ್ಲಿ ನಾನು ಬರೆದದ್ದನ್ನು ನೀನು ನೋಡಿದ್ದೀಯ. ಅದಕ್ಕೆ ಹೆಬ್ಬೆಟ್ಟು ಒತ್ತಿದ್ದೀಯ. ಆ ಸುಳ್ಳನ್ನು ನಿನ್ನೆ ಎಲ್ಲರ ಎದುರು ಗೋಡೆಯಿಂದ ಒರೆಸಿದರು. ಈಗ ಗೋಡೆಯ ಮೇಲೆ ನಿನ್ನ ಹೆಸರಿದೆ, ಐದು ಗೆರೆ. ಫೋಟೋ ಜೊತೆಗಿದೆ. ರೇಡಿಯೋದಲ್ಲಿ ನನಗೊಂದು ಗಂಟೆ ಸಿಗಬೇಕಾಗಿತ್ತು, ನಿನ್ನಿಂದ ತಪ್ಪಿತು. ಅದಕ್ಕೂ ಸಿಟ್ಟಿದೆ.

ಈ ಶುಕ್ರವಾರದ್ದು ನನ್ನ ಕಡೆಯಿಂದ. ಧಾನ್ಯದ ಕಣಜದೊಳಗೆ ಮೂವರು ಅಣ್ಣತಮ್ಮಂದಿರು ಹಾಡಿದ್ದು. ಮೊದಲ ಸಲ ಗದ್ದಲ ಅನ್ನಿಸುತ್ತದೆ, ಮೂರನೇ ಸಲ ಹಾಗನ್ನಿಸುವುದಿಲ್ಲ. ವ್ಯಾನಿನಲ್ಲಿ ಕೇಳು, ಬ್ರೆಡ್ಡು ಬಿಸಿ ಇರುವಾಗ. ಯಾರಿಂದ ಎಂದರೆ, ಲೊರೆನಾಳಿಂದ. ನನ್ನ ಕೋಣೆಯವಳು.

ಶುಕ್ರವಾರದವರೆಗೆ ಕಾಯಬೇಡ. ಹಾಡು ಕಳಿಸಬೇಡ, ಮಾತು ಬರಿ. ಬೇಗ ಉತ್ತರ ಬರಿ.

ತಿಹಾನಾ